ಗದ್ದದ ಮೇಲಿನ ಅಗುಳು

ನಮ್ಮ ಸೋದರಮಾವನ ಗದ್ದದ ಮೇಲೆ ಅನ್ನದ ಅಗುಳು ಕೂತರೆ ಅವನಿಗೆ ಗೊತ್ತಾಗುತ್ತಿರಲಿಲ್ಲ. ಕೆಳತುಟಿಯಿಂದ ಎರಡು ಬೆರಳು ಕೆಳಗೆ, ಸ್ವಲ್ಪ ಬಲಕ್ಕೆ, ಬಿಳಿ ಅಗುಳೊಂದು ಅಂಟಿಕೊಂಡು ಅವನು ಮಾತಾಡಿದಂತೆಲ್ಲ ಮೇಲೆ ಕೆಳಗೆ ಆಡುತ್ತಿತ್ತು. ಎದುರಿಗೆ ಕೂತ ಮಾಮಿ ತನ್ನ ಗದ್ದವನ್ನು ತೋರುಬೆರಳಿನಿಂದ ಒಮ್ಮೆ ಮುಟ್ಟಿಕೊಳ್ಳುತ್ತಿದ್ದಳು. ಅದು ಸನ್ನೆ. ಅವನು ತೊಡೆಯ ಮೇಲಿಟ್ಟುಕೊಂಡ ಬಿಳಿ ಕರ್ಚೀಫಿನಿಂದ ಒರೆಸಿಕೊಂಡು, ಏನೂ ಆಗದವನಂತೆ ಮುಂದಿನ ತುತ್ತಿಗೆ ಕೈ ಹಾಕುತ್ತಿದ್ದ. ಡಾಕ್ಟರ ಹತ್ತಿರ ಹೋಗಿ, ಕೇಳಿ, ಕೊಯ್ಯಿಸಿಕೊಂಡು ಬಂದ ಗದ್ದ ಅದು.

ಹಿರಿಯನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆಂದು ಯಾರೂ ಬೇಸರಿಸಬಾರದು. ಅವನು ಬದುಕಿದ್ದಷ್ಟು ದಿನ ಎದುರಿಗೆ ನಿಂತು 'ಹೌದ್ರಿ ಮಾಮಾ, ಅಲ್ರಿ ಮಾಮಾ' ಎಂದು ಬಾಯಿ ನೋಯುವಷ್ಟು ಮರ್ಯಾದೆ ಕೊಟ್ಟಿದ್ದೇನೆ. ಬರವಣಿಗೆಯಲ್ಲಿ ಇಷ್ಟು ಸಾಕು.

ಮಾಮಾ ಜಮಖಂಡಿಯಿಂದ ನಾಸಿಕದ ಹತ್ತಿರ ಓಝರ್‌ಗೆ ಬಂದು ವಿಮಾನ ಕಾರ್ಖಾನೆಯ ತಪಾಸಣಾ ವಿಭಾಗ ಸೇರಿದವನು. ಅಲ್ಲಿ ಅವನ ಕೆಲಸ, ಬೇರೆಯವರು ಮಾಡಿಟ್ಟ ಬಿಡಿಭಾಗಗಳನ್ನು ಅಳೆದು ಪಾಸು ಮಾಡುವುದು ಅಥವಾ ತಿರಸ್ಕರಿಸುವುದು. ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ಆದರೆ ನಡೆಯುತ್ತದೆ ಎನ್ನುವುದಕ್ಕೆ ಅಲ್ಲಿ ಟಾಲರನ್ಸ್ ಅನ್ನುತ್ತಾರೆ. ಈ ಒಂದು ಪದವನ್ನು ಅವನು ಕಾರ್ಖಾನೆಯ ಗೇಟು ದಾಟಿಸಿ ಮನೆಗೆ ತಂದ. ಮಾಮಿ ಮಾಡಿದ ರೊಟ್ಟಿ ದಪ್ಪವಾದರೆ ಟಾಲರನ್ಸ್ ಬಿಟ್ಟು ಹೊರಗೆ. ಪಕ್ಕದ ಕ್ವಾರ್ಟರ್ಸಿನವರ ಹೊಸ ಸೊಸೆಯ ಮೂಗು ಟಾಲರನ್ಸ್ ಬಿಟ್ಟು ಹೊರಗೆ. ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಹೊಡೆಯಲು ಹೋಗುವವನು ಅಂತಾರಲ್ಲ, ಅಂಥವನು.

ನಮ್ಮ ತಾಯಿಯ ತವರಿನವರಿಗೆಲ್ಲ ಒಂದೇ ಗದ್ದ. ಅಗಲ, ಚೌಕು, ಸ್ವಲ್ಪ ಮುಂದೆ ಬಂದದ್ದು. ಅದು ಅಜ್ಜಿಯಿಂದ ಬಂದದ್ದು. ಅಜ್ಜಿಗೆ ಅದರ ಬಗ್ಗೆ ಹೆಮ್ಮೆಯಿತ್ತು, ಹಲ್ಲು ಅರ್ಧ ಹೋದ ಮೇಲೂ ಖಡಕ್ ರೊಟ್ಟಿಯನ್ನು ನೆನೆಸದೆ ತಿನ್ನುತ್ತಿದ್ದಳು. ಆ ಗದ್ದ ಮಾಮಾನಿಗೂ ಬಂತು, ನನಗೂ ಬಂತು.

ನಮ್ಮ ಕಡೆ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದುಂಟು. ಮಾಮಾ ನಮ್ಮ ತಾಯಿಯ ಕೊನೆಯ ತಮ್ಮ, ನಾನು ಅವಳ ಹಿರಿಯ ಮಗಳು. ನಾನು ತೊಟ್ಟಿಲಲ್ಲಿದ್ದಾಗಲೇ ಮಾತು ನಡೆದಿತ್ತು. ನನ್ನ ಗಂಡ ಮರಾಠಿಯವರು, ಇದನ್ನು ಮೊದಲ ಸಲ ಕೇಳಿದಾಗ ಅವರು ಚಹಾದ ಕಪ್ಪು ಕೆಳಗಿಟ್ಟು 'ಮಾಮಾಶೀ ಲಗ್ನ?' ಎಂದು ಕಣ್ಣು ಅಗಲಿಸಿದ್ದರು. ನಮಗೆ ಅದು ಸೋಜಿಗವಾಗಿರಲಿಲ್ಲ. ನನ್ನ ಡಿಪ್ಲೊಮಾ ಮುಗಿದ ವರ್ಷ ಮಾಮಾ ರಜೆ ಹಾಕಿ ಬಂದ. ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದರು. ನಾನು ಚಹಾ ಕೊಟ್ಟೆ. ಹುಟ್ಟಿದಂದಿನಿಂದ ನೋಡಿದ ನನ್ನ ಮುಖವನ್ನು ಅವನು ಅಂದು ಹೊಸದಾಗಿ ನೋಡಿದ.

"ಹುಡುಗಿ ಚಲೋ ಅದಾಳ," ಅಂದ. "ಗದ್ದ ಒಂದ ಟಾಲರನ್ಸ್ ಬಿಟ್ಟ ಹೊರಗ ಹೋಗೇತಿ."

ಅಜ್ಜಿ ಅಡಕೊತ್ತು ಕೆಳಗಿಟ್ಟಳು. "ನಿಂದೇನ್ ಒಳಗೈತೇನೋ? ಇಬ್ಬರೂ ನನ್ನ ಗದ್ದನ ತಗೊಂಡ ಹುಟ್ಟೀರಿ."

"ಗಂಡಸರಿಗೆ ನಡೀತೈತವ್ವಾ."

ಅಲ್ಲಿಗೆ ಮುಗಿಯಿತು. ಆ ಬೇಸಗೆ ಮುಗಿಯುವುದರೊಳಗೆ ಅವನು ವಿಜಯಪುರದ ಕಡೆಯ, ಸಣ್ಣ ಗದ್ದದ ಹುಡುಗಿಯೊಬ್ಬಳನ್ನು ಮದುವೆಯಾದ. ಅವಳೇ ಮಾಮಿ. ಅವಳ ಮೇಲೆ ನನಗೆ ಎಂದೂ ಸಿಟ್ಟು ಬರಲಿಲ್ಲ, ಪಾಪ ಅನ್ನಿಸಿದ್ದುಂಟು. ನಾನು ಹಟ ಹಿಡಿದು ಕೆಲಸ ಹುಡುಕಿಕೊಂಡು ಈಗಿನ ಸಂಭಾಜಿನಗರಕ್ಕೆ ಬಂದೆ. ವಾಳೂಜ್‌ನ ಕಾರ್ಖಾನೆಯೊಂದರಲ್ಲಿ ನನಗೂ ಗುಣಮಟ್ಟದ ವಿಭಾಗವೇ ಸಿಕ್ಕಿತು. ಟಾಲರನ್ಸ್ ಅಂದರೆ ಏನು ಎನ್ನುವುದನ್ನು ಅವನಿಗಿಂತ ಚೆನ್ನಾಗಿ ಕಲಿತೆ. ಅವನು ಒಲ್ಲೆ ಅಂದದ್ದರಿಂದಲೇ ನನಗೆ ನೌಕರಿ, ಸ್ವಂತ ಮನೆ, ಊಟವಾದ ಮೇಲೆ ತಟ್ಟೆ ತಾನೇ ತೊಳೆದಿಡುವ ಗಂಡ ಎಲ್ಲ ಸಿಕ್ಕಿತು. "ಮಾಮಾನ ಋಣ ದೊಡ್ಡದು" ಎಂದು ನಾನು ಎಲ್ಲರ ಮುಂದೆ ಹೇಳಿ ನಗುತ್ತಿದ್ದೆ.

ಅವನು ತನ್ನ ಜೀವನದಲ್ಲಿ 'ತಪ್ಪಾತು' ಎಂಬ ಮಾತು ಆಡಿದ್ದನ್ನು ಯಾರೂ ಕೇಳಿಲ್ಲ. ಒಂದು ಶ್ರಾವಣದಲ್ಲಿ ನಮ್ಮ ತಾಯಿ ತ್ರ್ಯಂಬಕೇಶ್ವರಕ್ಕೆ ಹೋಗಬೇಕೆಂದು ಊರಿಂದ ಬಂದಿದ್ದಳು. ನಾನೂ ಹೋಗಿದ್ದೆ. ನಾಸಿಕದಲ್ಲಿ ಶೇರ್ ಜೀಪುಗಳು ನಿಲ್ಲುವಲ್ಲಿ ಮಾಮಾ ಯಾರನ್ನೂ ಕೇಳದೆ "ಹತ್ರಿ, ಹತ್ರಿ" ಎಂದು ನಮ್ಮನ್ನೆಲ್ಲ ಒಂದು ಜೀಪಿಗೆ ತುಂಬಿದ. ಜೀಪು ಮುಂಬೈ ಹೆದ್ದಾರಿ ಹಿಡಿಯಿತು. ಇದು ತ್ರ್ಯಂಬಕದ ದಾರಿಯಲ್ಲ ಎಂದು ಮಾಮಿ ಎರಡು ಸಲ ಮೆಲ್ಲಗೆ ಅಂದಳು. ಅವನು ಕಿಟಕಿಯ ಆಚೆ ನೋಡುತ್ತ ಕೂತ. ಘೋಟಿಯ ಪೇಟೆಯಲ್ಲಿ ಜೀಪು ನಿಂತಿತು, ಡ್ರೈವರ್ ಇಳಿಯಿರಿ ಅಂದ. ತಾಯಿ ಕೈಯಲ್ಲಿ ಬಿಲ್ವಪತ್ರೆ, ತೆಂಗಿನಕಾಯಿ ಹಿಡಿದು ದಿಕ್ಕುತೋಚದೆ ನಿಂತಳು.

"ಘೋಟಿಗೇ ಬರೋದಿತ್ತು," ಅಂದ ಮಾಮಾ. "ಇಂದ್ರಾಯಣಿ ಅಕ್ಕಿ ಇಲ್ಲಿ ಸಿಕ್ಕಂಗ ಎಲ್ಲೂ ಸಿಗಂಗಿಲ್ಲ. ದೇವರೇನ್ ಓಡಿ ಹೋಗ್ತಾನ?"

ಆ ಮಾತು ನಿಜ ಮಾಡಲಿಕ್ಕೆ ಒಂದು ಚೀಲ ಅಕ್ಕಿ ಕೊಂಡು ಹೆಗಲ ಮೇಲೆ ಹೊತ್ತುಕೊಂಡೇ ಬಂದ. ಬಿದ್ದರೂ ಮೀಸೆ ಮಣ್ಣಾಗಬಾರದು. ಅಂದಿನಿಂದ ಪ್ರತಿ ವರ್ಷ ಘೋಟಿಗೆ ಹೋಗಿ ಅದೇ ಅಕ್ಕಿ ತರುವುದು ಅವನ ನೇಮವಾಯಿತು. ಮುದ್ದೆಯಾಗುವ, ಕೈಗೆ ಅಂಟುವ ಅಕ್ಕಿ. ಮಾಮಿಗೆ ಅದು ಸೇರುತ್ತಿರಲಿಲ್ಲ.

ಗದ್ದದ ಕಥೆ ಫ್ಲೆಕ್ಸಿನಿಂದ ಶುರುವಾಯಿತು. ಮಾಮಾ ಅಲ್ಲಿನ ಕನ್ನಡ ಸಂಘದ ಕಾರ್ಯದರ್ಶಿ, ಬೇರೆ ಯಾರಿಗೂ ಪುರುಸೊತ್ತಿಲ್ಲದ್ದರಿಂದ ಆಜೀವ ಕಾರ್ಯದರ್ಶಿ. ನಾಸಿಕದ ಕಡೆ ಯಾರದಾದರೂ ಹುಟ್ಟುಹಬ್ಬ ಬಂದರೆ, ಯಾರಾದರೂ ಯಾವುದಾದರೂ ಸಂಘಕ್ಕೆ ಸೇರಿದರೆ ಚೌಕದಲ್ಲಿ ಮುಖ ಏರಿಸುತ್ತಾರೆ. ಅದನ್ನು ನೋಡಿ ನೋಡಿ ಅವನಿಗೂ ಆಸೆ ಬಂತು. ಒಂದು ರಾಜ್ಯೋತ್ಸವಕ್ಕೆ ತಾಯಿ ಭುವನೇಶ್ವರಿಯ ಚಿತ್ರ ಅಂಗೈಯಷ್ಟು, ತನ್ನ ಮುಖ ಬಾಗಿಲಷ್ಟು ಮಾಡಿಸಿ ಫ್ಲೆಕ್ಸ್ ಕಟ್ಟಿಸಿದ. ಅಂಗಡಿಯ ಹುಡುಗ ಹೇಳದೆ ಕೇಳದೆ ಕಂಪ್ಯೂಟರಿನಲ್ಲಿ ಅವನ ದವಡೆಯ ಎರಡೂ ಮೂಲೆ ಸವರಿ, ಗದ್ದವನ್ನು ಚೂಪು ಮಾಡಿಬಿಟ್ಟಿದ್ದ. ಎಲ್ಲ ಗಿರಾಕಿಗಳಿಗೂ ಹಾಗೇ ಮಾಡುತ್ತಿದ್ದನೋ ಏನೋ. ಸಂಘದವರೊಬ್ಬರು ಬಂದು "ಇವರ್ಯಾರ್ರಿ, ನಿಮ್ಮ ತಮ್ಮೇನ್ರಿ?" ಎಂದು ಕೇಳಿದರು. ಬೇರೆಯವನಾದರೆ ನಾಚಿಕೊಳ್ಳುತ್ತಿದ್ದ. ಇವನು ಹಬ್ಬ ಮುಗಿದ ಮೇಲೆ ಫ್ಲೆಕ್ಸ್ ಬಿಚ್ಚಿಸಿ ತಂದು, ಸುತ್ತಿ ಕಪಾಟಿನ ಮೇಲಿಟ್ಟ.

ಅವನಿಗೆ ಒಬ್ಬಳೇ ಮಗಳು. ಅಜ್ಜಿಯ ಗದ್ದ ಅವಳನ್ನೂ ಬಿಡಲಿಲ್ಲ. ಓಝರ್‌ನಲ್ಲಿ ಹುಟ್ಟಿ ಬೆಳೆದವಳು, ಕನ್ನಡ ಪೂರ್ತಿ ತಿಳಿಯುತ್ತದೆ, ಮಾತಾಡುವಾಗ ಅರ್ಧ ಮರಾಠಿ. ಪುಣೆಯ ಹಾಸ್ಟೆಲಿನಲ್ಲಿದ್ದು ಎಂ.ಕಾಂ. ಓದುತ್ತಿದ್ದಳು. ಸಂಬಂಧಿಕರ ಮೂಲಕ ಒಂದು ಗಂಡಿನ ಕಡೆಗೆ ಅವಳ ಫೋಟೋ ಹೋಯಿತು. ಹುಡುಗಿ ಒಪ್ಪಿಗೆ, ಆದರೆ ಮುಖ ಸ್ವಲ್ಪ ಗಂಡಸಿನ ಹಾಗಿದೆ ಎಂಬ ಉತ್ತರ ಬಂತು. ಮಾಮಾನಿಗೆ ಸಿಟ್ಟು ಬಂದದ್ದು ಆ ಮಾತು ಹೇಳಿದವರ ಮೇಲಲ್ಲ. ಗದ್ದದ ಮೇಲೆ. ಅದನ್ನು ಸರಿ ಮಾಡಿಸಿಬಿಡೋಣ ಎಂದು ನಿಶ್ಚಯಿಸಿದ. ಸಂಭಾಜಿನಗರದಲ್ಲಿ ಗದ್ದ, ದವಡೆ ತಿದ್ದುವ ಡಾಕ್ಟರೊಬ್ಬರು ಇದ್ದಾರೆಂದು ಫೋನಿನಲ್ಲಿ ನೋಡಿ ತಿಳಿದುಕೊಂಡ.

ಹುಡುಗಿ ಎರಡು ದಿನ ಅತ್ತಳು. ಮೂರನೆಯ ದಿನ ತಂದೆಗೆ ಎದುರು ನಿಂತಳಂತೆ. "ಅಪ್ಪಾ, ಸೇಮ್ ಗದ್ದ ನಿಮ್ದೂ ಪಣ ಆಹೆ. ಮೊದಲ ನೀವ್ ಮಾಡ್ಕೊಳ್ರಿ. ಮಗ್ ನಾ ಮಾಡ್ಕೊತೀನಿ." ಅವನು ಹೆದರಿ ಸುಮ್ಮನಾಗುತ್ತಾನೆ ಎಂದು ಅವಳ ಎಣಿಕೆ. ಇಂಜೆಕ್ಷನ್ನಿಗೆ ಕಣ್ಣು ಮುಚ್ಚುವ ಮನುಷ್ಯ. ಆದರೆ ಘೋಟಿಯಲ್ಲಿ ಅಕ್ಕಿ ಕೊಂಡವನು ಅವನು. "ಅದಕ್ಕೇನಾತು, ಮಾಡ್ಕೊತೀನಿ" ಅಂದುಬಿಟ್ಟ. ಮಗಳಿಗೆ ಧೈರ್ಯ ತುಂಬಲು ತಂದೆ ತಾನೇ ಮುಂದಾದ ಎಂದು ನಮ್ಮ ಬಳಗದವರು ಹೊಗಳಿದರು. ಫ್ಲೆಕ್ಸ್ ನೋಡಿದ ನಾನು ಹೊಗಳಲಿಲ್ಲ.

ಅವನು ಇಳಿದುಕೊಂಡದ್ದು ನಮ್ಮ ಮನೆಯಲ್ಲಿ. ಆಸ್ಪತ್ರೆಗೆ ಜೊತೆಗೆ ಹೋದದ್ದು ನಾನು. ಅಲ್ಲಿಯ ಗೋಡೆಯ ತುಂಬ ಜೋಡಿ ಜೋಡಿ ಫೋಟೋಗಳು, ಮೊದಲಿನ ಮುಖ, ಆಮೇಲಿನ ಮುಖ. ಮೊದಲಿನ ಸಾಲಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಇದ್ದರು. ಆಮೇಲಿನ ಸಾಲಿನಲ್ಲಿ ಎಲ್ಲರೂ ಒಂದೇ ಅಚ್ಚಿನಲ್ಲಿ ತೆಗೆದ ಗಣಪತಿಗಳ ಹಾಗಿದ್ದರು. ನಮ್ಮ ಕಾರ್ಖಾನೆಯಲ್ಲಾದರೆ ನಾನು ಈ ಸಾಲನ್ನು ಕಣ್ಣುಮುಚ್ಚಿ ಪಾಸು ಮಾಡುತ್ತಿದ್ದೆ. ಇಲ್ಲಿ ಮೊದಲಿನ ಸಾಲನ್ನೇ ಮತ್ತೆ ಮತ್ತೆ ನೋಡಿದೆ.

ಮಾಮಾ ಡಾಕ್ಟರ ಮೇಜಿನ ಮೇಲೆ ಫ್ಲೆಕ್ಸ್ ಬಿಚ್ಚಿ ಹಾಸಿದ. ಅದರ ಅಂಚು ಮೇಜಿನಿಂದ ಕೆಳಗೆ ಇಳಿಬಿತ್ತು, ಭುವನೇಶ್ವರಿ ನೆಲಕ್ಕೆ ಬಂದಳು. "ಹೀಗೆ ಆಗಬೇಕು" ಎಂದು ಮರಾಠಿಯಲ್ಲಿ ಹೇಳಿದ. ಡಾಕ್ಟರು ತುಂಬ ಹೊತ್ತು ನೋಡಿ, "ಕಾಕಾ, ಇದು ಚಿತ್ರ, ನಿಮ್ಮದು ಎಲುಬು" ಅಂದರು. ತುಟಿಯ ಒಳಗಿನಿಂದ ಕೊಯ್ದು ಗದ್ದದ ಎಲುಬಿನ ಒಂದು ಚೂರು ತೆಗೆದು ಸ್ಕ್ರೂ ಹಾಕಿ ಕೂಡಿಸುವುದು, ದವಡೆಯ ಮೂಲೆಗಳನ್ನು ಉಜ್ಜುವುದು, ಅಲ್ಲೇ ಹಾದುಹೋಗುವ ನರಕ್ಕೆ ಪೆಟ್ಟಾದರೆ ಗದ್ದ ಜೋಮು ಹಿಡಿಯುವುದು, ಬಹಳ ಜನರಿಗೆ ಕೆಲವು ತಿಂಗಳಲ್ಲಿ ಅದು ಹೋಗುವುದು, ಕೆಲವರಿಗೆ ಹೋಗದೇ ಇರುವುದು, ಎಲ್ಲವನ್ನೂ ಬಿಡಿಸಿ ಹೇಳಿದರು. ಅವರ ತಪ್ಪು ಎಂದು ನಾನು ಹೇಳಲಾರೆ. ಮಾಮಾ ಇದೆಲ್ಲ ಬೇರೆ ಯಾರಿಗೋ ಸಂಬಂಧಪಟ್ಟದ್ದು ಎಂಬಂತೆ ತಲೆಯಾಡಿಸಿದ.

ಆಪರೇಶನ್ ಆದ ಮೇಲೆ ತಲೆಯಿಂದ ಗದ್ದದ ತನಕ ಪಟ್ಟಿ ಕಟ್ಟಿಕೊಂಡು ನಮ್ಮ ಸೋಫಾದ ಮೇಲೆ ಬಿದ್ದುಕೊಂಡ. ಮುಖ ಕುಂಬಳಕಾಯಿಯಾಗಿತ್ತು. ಮಾಮಿ ಅಂಬಲಿ ಮಾಡಿ ಚಮಚದಲ್ಲಿ ಹಾಕುತ್ತಿದ್ದಳು, ಅರ್ಧ ಒಳಗೆ, ಅರ್ಧ ಹೊರಗೆ. ನನಗೆ ಕನಿಕರ ಬರಲಿಲ್ಲ, ನಗು ಬರುತ್ತಿತ್ತು. ಅಡುಗೆಮನೆಗೆ ಹೋಗಿ ನಕ್ಕು ಬರುತ್ತಿದ್ದೆ. ಪಟ್ಟಿ ಬಿಚ್ಚಿದ ದಿನ ಕನ್ನಡಿ ಕೇಳಿದ. ಬಾವು ಇಳಿದಿರಲಿಲ್ಲ, ಆದರೂ ಗದ್ದ ಸಣ್ಣದಾದದ್ದು ಕಾಣುತ್ತಿತ್ತು. ಕೈಯಿಂದ ಮುಟ್ಟಿ ಮುಟ್ಟಿ ನೋಡಿಕೊಂಡು, "ಬ್ಯಾರೆಯವರ ಗದ್ದ ಮುಟ್ಟಿದಂಗ ಆಗ್ತೈತಲ್ಲವ್ವಾ" ಅಂದ. ಜೋಮು ಹೋಗುತ್ತದೆ ಎಂದು ಆಗ ಅವನು ನಂಬಿದ್ದ, ಅದಕ್ಕೇ ಬಾಯಿಬಿಟ್ಟ.

ಜೋಮು ಹೋಗಲಿಲ್ಲ. ಮಳೆಗಾಲ ಮುಗಿದರೂ ಹೋಗಲಿಲ್ಲ. ನಾನು ಫೋನಿನಲ್ಲಿ ಕೇಳಿದಾಗಲೆಲ್ಲ "ಎಂದೋ ಹೋತು, ಫಸ್ಟ್ ಕ್ಲಾಸ್ ಐತಿ" ಅನ್ನುತ್ತಿದ್ದ. ಓಝರ್‌ಗೆ ಹೋದಾಗ ನೋಡಿದೆ. ತೊಡೆಯ ಮೇಲೆ ಕರ್ಚೀಫು, ತುತ್ತಿಗೊಮ್ಮೆ ಒರೆಸುವುದು, ಮರೆತರೆ ಮಾಮಿಯ ಸನ್ನೆ. ಚಹಾ ಕುಡಿದರೆ ಕೆಳತುಟಿಯಿಂದ ಸೋರಿ ಅಂಗಿಯ ಮೇಲೆ ಬಿದ್ದ ಮೇಲೆಯೇ ತಿಳಿಯುವುದು. ಸಂಘದ ಸಭೆಗಳಲ್ಲಿ ಏನೂ ತಿನ್ನದೆ "ಇವತ್ತ ಉಪಾಸ" ಎಂದು ಹೇಳುವುದನ್ನು ರೂಢಿಸಿಕೊಂಡಿದ್ದ. ಯಾವ ಮುಖವನ್ನು ನಾಲ್ಕು ಜನರಿಗೆ ತೋರಿಸಲೆಂದು ಕೊಯ್ಯಿಸಿಕೊಂಡನೋ ಅದನ್ನು ನಾಲ್ಕು ಜನರ ನಡುವೆ ಊಟಕ್ಕೆ ಕೂರಿಸಲು ಆಗದೆ ಹೋಯಿತು. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡೆ.

ಆದರೆ ಮಗಳ ಸರದಿ ಹಾಗೇ ನಿಂತಿತ್ತು. ದೀಪಾವಳಿ ಆದ ಮರುವಾರಕ್ಕೆ ಡಾಕ್ಟರು ದಿನ ಕೊಟ್ಟಿದ್ದರು, ಹುಡುಗನ ಮನೆಯವರಿಗೂ ಹೇಳಿಯಾಗಿತ್ತು. ನಾನು ಪುಣೆಗೆ ಫೋನ್ ಮಾಡಿ ಹುಡುಗಿಗೆ ಎಲ್ಲ ಹೇಳಿದೆ. ಅಪ್ಪನಿಗೆ ಗದ್ದದ ಮೇಲೆ ಸ್ಪರ್ಶವೇ ಇಲ್ಲ, ನೀನು ಬೇಡ ಅನ್ನು ಅಂದೆ.

"ಅಕ್ಕಾ, ಅಪ್ಪಾ ತರ್ ಎಲ್ಲಾ ಠೀಕ್ ಐತಿ ಅಂತಾರ," ಅಂದಳು. ಆಮೇಲೆ, "ತುಮ್ಹಾಲಾ ಅವರ ಮ್ಯಾಲ ಮೊದಲಿಂದ ರಾಗ್ ಐತಿ. ನಂಗ್ ಗೊತ್ತೈತಿ," ಅಂದಳು.

ರಾಗ್ ಅಂದರೆ ಸಿಟ್ಟು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನನ್ನ ಮಾತು ಅವಳಿಗೆ ಹತ್ತುವಂತಿಲ್ಲ, ಅವಳೇ ಕಣ್ಣಾರೆ ನೋಡಬೇಕು ಎಂದುಕೊಂಡು ಅವಳು ದೀಪಾವಳಿಗೆ ಮನೆಗೆ ಬಂದಿದ್ದಾಗ ಪಾಡ್ಯದ ದಿನ ಓಝರ್‌ಗೆ ಹೋದೆ.

ಮಧ್ಯಾಹ್ನ ನಾಲ್ವರೇ ಊಟಕ್ಕೆ ಕೂತೆವು. ಘೋಟಿಯ ಅಕ್ಕಿಯ ಅನ್ನ, ಕಟ್ಟಿನ ಸಾರು. ಮಾಮಾ ಮಗಳ ಎದುರಿಗೆ, ನಾನು ಮಾಮಿಯ ಪಕ್ಕಕ್ಕೆ. ಅವನು ಎಂದಿನಂತೆ ಭಾಷಣ ಮಾಡುತ್ತಿದ್ದ. ಆಪರೇಶನ್ನಿನಲ್ಲಿ ಏನೂ ಇಲ್ಲ, ಹಲ್ಲು ಕೀಳಿಸಿದಷ್ಟೇ, ತನಗೆ ಹದಿನೈದು ದಿನದಲ್ಲಿ ಎಲ್ಲ ಮೊದಲಿನ ಹಾಗಾಯಿತು. ಅಷ್ಟರಲ್ಲಿ ಅಗುಳು ಬಂದು ಕೂತಿತು. ಒಂದಲ್ಲ, ಸಾರು ಕಲಸಿದ ಮೂರು ನಾಲ್ಕು ಅಗುಳು ಒಟ್ಟಿಗೆ. ಹಳದಿ ಸಾರಿನ ಗೆರೆಯೊಂದು ಕೆಳಗಿಳಿಯಿತು. ಮಾಮಿಯ ಬಲಗೈಗೆ ಅನ್ನ ಮೆತ್ತಿತ್ತು, ಎಡಗೈ ಮೇಲೆದ್ದಿತು. ಅದು ಗದ್ದ ಮುಟ್ಟುವ ಮೊದಲೇ ನಾನು ಹಿಡಿದು ಮೇಜಿನ ಕೆಳಗೆ ಎಳೆದುಕೊಂಡು ಒತ್ತಿಟ್ಟುಕೊಂಡೆ. ಮಾಮಿ ಬಿಡಿಸಿಕೊಳ್ಳಲು ನೋಡಿದಳು. ನಾನು ಬಿಡಲಿಲ್ಲ.

ಅವನು ಮಾತಾಡುತ್ತಲೇ ಇದ್ದ. ಹುಡುಗಿಯ ತುತ್ತು ಕೈಯಲ್ಲೇ ಉಳಿಯಿತು.

"ಅಪ್ಪಾ," ಅಂದಳು, "ಗದ್ದಕ್ಕ ಏನೋ ಲಾಗಲಂಯ್."

"ಎಲ್ಲೈತಿ?" ಎಂದು ಅವನು ಎಡಗೆನ್ನೆ ಮುಟ್ಟಿಕೊಂಡ.

ಅವಳು ಎದ್ದು ಹೋಗಿ ತನ್ನ ಓಡನಿಯ ಅಂಚಿನಿಂದ ಅವನ ಗದ್ದ ಒರೆಸಿದಳು. ಆಮೇಲೆ ಕೈ ತೆಗೆದು ಹೇಳಿದಳು. "ಕಣ್ಣ ಮುಚ್ಚರಿ. ಈಗ ನಾ ಎಲ್ಲಿ ಮುಟ್ಟತೀನಿ ಸಾಂಗಾ."

ಅವನು ಕಣ್ಣು ಮುಚ್ಚಿದ. ಅವಳು ಎರಡು ಬೆರಳು ಅವನ ಗದ್ದದ ಮೇಲೆ ಒತ್ತಿ ಹಿಡಿದಳು. ಆಮೇಲೆ ಕಣ್ಣು ತೆರೆದು, "ಸಾರ ಹಾಕ" ಎಂದು ಮಾಮಿಗೆ ಹೇಳಿದ.

"ಮೀ ನಾಹೀ ಕರಣಾರ್," ಅಂದಳು ಹುಡುಗಿ. "ನಾ ಮಾಡ್ಕೊಳ್ಳಂಗಿಲ್ಲ ಅಪ್ಪಾ."

"ನಿನ್ನ ಮರ್ಜಿ," ಅಂದ, ಅಷ್ಟೇ. ಬೈಯಲಿಲ್ಲ, ಕೂಗಾಡಲಿಲ್ಲ. ಸಾರು ಅನ್ನ ಕಲಸಿ ಪೂರ್ತಿ ಊಟ ಮಾಡಿದ. ಮುಖಭಂಗವಾಗಿದೆ, ಅದಕ್ಕೇ ಬಾಯಿ ಕಟ್ಟಿದೆ ಎಂದು ನನಗೆ ಒಳಗೊಳಗೇ ಹಿಗ್ಗಾಯಿತು. ಪಡಸಾಲೆಯಲ್ಲಿ ಎಲ್ಲರ ಮುಂದೆ ನನ್ನ ಗದ್ದಕ್ಕೆ ಬೆಲೆ ಕಟ್ಟಿದ್ದನಲ್ಲ, ಇವತ್ತು ಅವನ ಗದ್ದ ಅವನ ಮನೆಯ ಮೇಜಿನ ಮುಂದೆ ತಿರಸ್ಕೃತವಾಯಿತು. ಹುಡುಗಿಯನ್ನು ಉಳಿಸಿದವಳು ನಾನು ಎಂದು ಸಂಭಾಜಿನಗರದ ತನಕ ಬಸ್ಸಿನಲ್ಲಿ ಬೀಗುತ್ತ ಬಂದೆ. ಆಮೇಲೆಯೂ ಸಿಕ್ಕವರಿಗೆಲ್ಲ ಮಾಮಿಯ ಕೈ ಹಿಡಿದ ಕಥೆ ಹೇಳಿದೆ. ಆ ಸಂಬಂಧ ತಪ್ಪಿಹೋಯಿತು. ಹುಡುಗಿ ಓದು ಮುಗಿಸಿ, ನಮ್ಮೂರಿಗೆ ಹತ್ತಿರದ ಬಿಡಕಿನ್‌ನ ಹೊಸ ಕಾರ್ಖಾನೆಯೊಂದರ ಆಫೀಸಿಗೆ ಸೇರಿ ನಮ್ಮ ಮನೆಯಲ್ಲೇ ಉಳಿದಳು.

ಮಾಮಾ ಕಳೆದ ಚಳಿಗಾಲದಲ್ಲಿ ಹೃದಯಾಘಾತದಿಂದ ತೀರಿಕೊಂಡ. ಸಂಘದವರು ಚೌಕದಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಲು ಫೋಟೋ ಕೇಳಿದರು. ಹಳೆಯ ಗದ್ದದ್ದೋ ಹೊಸ ಗದ್ದದ್ದೋ ಎಂದು ಮಾಮಿ ನನ್ನ ಮುಖ ನೋಡಿದಳು. ಹೊಸದನ್ನೇ ಕೊಡಿ, ಅದಕ್ಕಾಗಿಯೇ ಮಾಡಿಸಿಕೊಂಡದ್ದಲ್ಲವೇ ಅಂದೆ. ಸತ್ತವನ ಮೇಲೂ ನನ್ನ ನಾಲಿಗೆ ಸುಮ್ಮನಿರಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಮಾಮಿ ಕಪಾಟು ತೆರೆದು ಅವನ ಬಟ್ಟೆ ತೆಗೆಯುತ್ತಿದ್ದಳು. ಕರ್ಚೀಫುಗಳದ್ದೇ ಒಂದು ರಾಶಿ, ಎಲ್ಲ ಬಿಳಿ, ಎಲ್ಲದರ ಮೇಲೆ ಹೋಗದ ಹಳದಿ ಕಲೆ. ನಾನು ಮಡಿಸಿಕೊಡುತ್ತ ಕೂತಿದ್ದೆ. ಮಾತಿಗೆ ಮಾತು ಬಂದು, "ಅವತ್ತ ನಿಮ್ಮ ಕೈ ಹಿಡೀದಿದ್ರ ಏನಾಗ್ತಿತ್ರಿ ಮಾಮಿ" ಅಂದೆ.

"ನಿನ್ನ ಉಗುರ ನಟ್ಟಿದ್ದು ನೆನಪೈತಿ," ಅಂದಳು. ಒಂದು ಕರ್ಚೀಫು ಕೈಯಲ್ಲಿ ಹಿಡಿದುಕೊಂಡೇ ಮುಂದುವರಿಸಿದಳು. "ಊಟಕ್ಕ ಕೂಡೂ ಮುಂದ ಇದನ್ನ ಕೊಡಾಕ ಹೋಗಿದ್ನಿ. ತಗೊಳ್ಳಲಿಲ್ಲ. 'ಇವತ್ತ ಬ್ಯಾಡ, ಹುಡುಗಿ ನೋಡ್ಲಿ' ಅಂದ್ರು. 'ನೀನೂ ಸನ್ನಿ ಮಾಡಬ್ಯಾಡ' ಅಂತ ನನಗ ಅಂದಿದ್ರು. ನನಗ ರೂಢಿ ನೋಡು, ಕೈ ತಾನ ಎದ್ದಿತ್ತು. ಚಲೋ ಆತು ನೀ ಹಿಡದಿ."

ಆ ಊಟವನ್ನು ನಾನು ಎಷ್ಟೋ ಜನರಿಗೆ ವರ್ಣಿಸಿದ್ದೇನೆ. ತೊಡೆಯ ಮೇಲೆ ಕರ್ಚೀಫು ಇರಲಿಲ್ಲ ಎನ್ನುವುದು ಒಂದು ಸಲವೂ ನನಗೆ ಹೊಳೆದಿರಲಿಲ್ಲ.

"ಬಾಯಿ ಬಿಟ್ಟ ಬ್ಯಾಡಂತ ಒಂದ ಮಾತ ಹೇಳಿದ್ರ ಸಾಕಿತ್ತಲ್ರಿ," ಅಂದೆ.

"ಅವರ ಬಾಯಾಗ ಆ ಮಾತ ಎಲ್ಲಿತ್ತವ್ವಾ," ಅಂದಳು ಮಾಮಿ.

ಅವನನ್ನು ಹೊಗಳಲು ನನಗೆ ಈಗಲೂ ಮನಸ್ಸಿಲ್ಲ. ಫ್ಲೆಕ್ಸ್ ನೋಡಿ ಗದ್ದ ಕೊಯ್ಯಿಸಿಕೊಂಡವನು ಹುಚ್ಚನೇ. ಹೆತ್ತ ಮಗಳ ಮುಖವನ್ನು ಯಾರದೋ ಮಾತಿಗೆ ಉಜ್ಜಿಸಲು ಹೊರಟವನನ್ನು ಕ್ಷಮಿಸುವುದೂ ಕಷ್ಟ. ಆದರೆ ಮುಖ ಒಂದೇ ಆಸ್ತಿ ಎಂದು ಬದುಕಿದ ಮನುಷ್ಯ, ಆ ಮುಖಕ್ಕೆ ಅನ್ನ ಮೆತ್ತಿಕೊಂಡು, ನನ್ನಂಥವಳ ಎದುರಿಗೆ, ಮಗಳು ನೋಡುವ ತನಕ ಕಾದು ಕೂತಿದ್ದ. ನನ್ನನ್ನು ಒಲ್ಲೆ ಅಂದದ್ದಕ್ಕೆ ಅವನಿಗೆ ಋಣಿ ಎಂದು ಇಷ್ಟು ವರ್ಷ ನಗುತ್ತ ಹೇಳಿದೆ. ಈ ಋಣದ ಬಗ್ಗೆ ನಗಲು ಬರುತ್ತಿಲ್ಲ.

ಹುಡುಗಿ ಈಗ ಆಫೀಸಿನಿಂದ ಬಂದು ನನ್ನ ಎದುರಿಗೇ ಕೂತು ಖಡಕ್ ರೊಟ್ಟಿ ತಿನ್ನುತ್ತಾಳೆ, ಅಜ್ಜಿಯ ಹಾಗೆಯೇ, ನೆನೆಸದೆ. ಗದ್ದಕ್ಕೆ ಚಟ್ನಿಪುಡಿ ಹತ್ತಿದರೆ ತಕ್ಷಣ ಒರೆಸಿಕೊಳ್ಳುತ್ತಾಳೆ. ಅಪ್ಪ ಅವತ್ತು ಸೋತ ಎಂದೇ ಅವಳು ತಿಳಿದಿದ್ದಾಳೆ. ಇದನ್ನೆಲ್ಲ ಬರೆದದ್ದು ಅವಳಿಗಾಗಿ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ನಾನೇ ಓದಿ ಹೇಳಬೇಕು. ಕರ್ಚೀಫಿನ ಮಾತು ಬಂದಲ್ಲಿ ನನ್ನ ಬಾಯಿ ತೆರೆದೀತೋ ಇಲ್ಲವೋ ತಿಳಿಯದು. ನನ್ನದೂ ಅದೇ ಮನೆತನದ ಗದ್ದ.